ಮೂವತ್ತೆಂಟಕ್ಕೆ ಐಸ್ ಮೇಲೆ ಇಳಿದೆ

ಕೆನಡಾಕ್ಕೆ ಬಂದ ಹೊಸತರಲ್ಲಿ ಐಸ್ ಹಾಕಿ ಅಂದರೆ ನನಗೆ ಹೊಡೆದಾಟ, ಅಷ್ಟೇ. ಆಫೀಸಿನ ಗೆಳೆಯನೊಬ್ಬ ಊಟದ ಹೊತ್ತಲ್ಲಿ ಟೈ ಡೋಮಿಯ ಹಳೇ ವಿಡಿಯೊ ತೋರಿಸುತ್ತಿದ್ದ. ಡೋಮಿ ಟೊರಾಂಟೊ ಮೇಪಲ್ ಲೀಫ್ಸ್ ತಂಡದ ಎನ್‌ಫೋರ್ಸರ್ ಆಗಿದ್ದ. ತಂಡದ ಸ್ಟಾರ್ ಆಟಗಾರನ ತಂಟೆಗೆ ಯಾರೂ ಬರದ ಹಾಗೆ ನೋಡಿಕೊಳ್ಳುವುದೇ ಅವನ ಕೆಲಸವಾಗಿತ್ತು. ಎತ್ತರ ಐದಡಿ ಹತ್ತಿಂಚು. ಎನ್‌ಎಚ್‌ಎಲ್ ಅಂದರೆ ಇಲ್ಲಿನ ದೊಡ್ಡ ಐಸ್ ಹಾಕಿ ಲೀಗ್. ಅದರ 1,020 ಪಂದ್ಯಗಳಲ್ಲಿ ಅವನ ಹೆಸರಿಗೆ ಬಿದ್ದ ಪೆನಾಲ್ಟಿ, ಅಂದರೆ ತಪ್ಪಿಗೆ ಶಿಕ್ಷೆಯಾಗಿ ಆಟದಿಂದ ಹೊರಗೆ ಕೂರುವ ಸಮಯ, 3,515 ನಿಮಿಷ. ಗಂಟೆ ಲೆಕ್ಕದಲ್ಲಿ 58 ದಾಟುತ್ತದೆ!

ಆ ಹುಚ್ಚಲ್ಲೇ ದೊಡ್ಡವರ ಐಸ್ ಹಾಕಿ ಕ್ಲಾಸಿಗೆ ಸೇರಿದೆ. "ಏನ್ರೀ, ಇರೋ ಹಲ್ಲೂ ಉದುರಿಸ್ಕೊಂಡು ಬರ್ತೀರಾ?" ಅಂದಳು ಹೆಂಡತಿ. ಸ್ಕೇಟ್ಸ್ ಸೆಕೆಂಡ್ ಹ್ಯಾಂಡ್ ತಗೊಂಡೆ. ಹೆಲ್ಮೆಟ್ ಮಾತ್ರ ಹೊಸದು, ಅದರಲ್ಲಿ ಜಿಪುಣತನ ಬೇಡ.

ಮೊದಲ ಎರಡು ತಿಂಗಳು ಬೀಳುವುದು, ಏಳುವುದು. "ಮಂಡಿ ಬಗ್ಗಿಸು" ಅಂತ ಕೋಚ್ ಕೂಗುತ್ತಲೇ ಇದ್ದರು. ಬಗ್ಗಿಸಿದ್ದೇನಲ್ಲ ಅಂದುಕೊಳ್ಳುತ್ತಿದ್ದೆ. ಅವರು ಕೇಳುತ್ತಿದ್ದುದು ಅರ್ಧ ಕುಕ್ಕರುಗಾಲು ಅಂತ ಹೊಳೆದ ಮೇಲೆ ಬೀಳುವುದು ಕಡಿಮೆಯಾಯಿತು. ನಿಲ್ಲುವುದು ಇನ್ನೂ ಕಷ್ಟ. ಎರಡೂ ಕಾಲು ಒಟ್ಟಿಗೆ ಅಡ್ಡ ತಿರುಗಿಸಿ, ಬ್ಲೇಡಿನ ಅಂಚಿನಿಂದ ಐಸ್ ಕೆರೆಯಬೇಕು. ಜಾಸ್ತಿ ಒತ್ತಿದರೆ ಬ್ಲೇಡ್ ಕಚ್ಚಿಕೊಂಡು ಮುಗ್ಗರಿಸುತ್ತೀರಿ, ಕಡಿಮೆ ಒತ್ತಿದರೆ ಸೀದಾ ಗೋಡೆಗೆ. ನನಗೆ ಇವತ್ತಿಗೂ ಬಲಕ್ಕೆ ತಿರುಗಿದರೆ ಮಾತ್ರ ನಿಲ್ಲಲು ಬರುತ್ತದೆ.

ಆಮೇಲೆ ಅದೇ ವಿಡಿಯೊ ಮತ್ತೆ ನೋಡಿದೆ. 1992ರಲ್ಲಿ ಡೋಮಿ, ಡೆಟ್ರಾಯಿಟ್ ತಂಡದ ಎನ್‌ಫೋರ್ಸರ್, ಆರಡಿ ಮೂರಿಂಚಿನ ಬಾಬ್ ಪ್ರೊಬರ್ಟ್ ಜೊತೆ ಬಡಿದಾಡಿದ್ದು. ಆಗಿನ್ನೂ ಡೋಮಿ ನ್ಯೂಯಾರ್ಕ್ ರೇಂಜರ್ಸ್ ತಂಡದಲ್ಲಿದ್ದ. ಈ ಸಲ ಕಣ್ಣು ಹೋದದ್ದು ಕಾಲಿನ ಕಡೆಗೆ. ಒಂದು ಕೈಯಲ್ಲಿ ಎದುರಾಳಿಯ ಜೆರ್ಸಿ ಹಿಡಿದೇ ಇರುತ್ತಾರೆ. ಬರೀ ಸಿಟ್ಟಿಗಲ್ಲ. ಜಾರುವ ಐಸ್ ಮೇಲೆ ಆಸರೆಗೆ ಸಿಗುವುದು ಅದೊಂದೇ. ಕೈಬಿಟ್ಟು ಗುದ್ದಿದರೆ ಗುದ್ದಿದವನೇ ಹಿಂದಕ್ಕೆ ಜಾರುತ್ತಾನೆ. ಸುಮ್ನೆ ನಿಲ್ಲೋಕೇ ಒದ್ದಾಡಿದವನಿಗೆ ಇದು ಗೊತ್ತಾಗುತ್ತದೆ.

ಪ್ರೊಬರ್ಟ್ 2010ರಲ್ಲಿ, 45ನೇ ವಯಸ್ಸಿಗೇ ಹೃದಯ ನಿಂತು ತೀರಿಕೊಂಡ. ಆಮೇಲೆ ಅವನ ಮೆದುಳು ಪರೀಕ್ಷಿಸಿದಾಗ, ತಲೆಗೆ ಪದೇ ಪದೇ ಪೆಟ್ಟು ತಿಂದವರಲ್ಲಿ ಕಾಣುವ ಸಿಟಿಇ ಕಾಯಿಲೆ ಇದ್ದದ್ದು ತಿಳಿಯಿತು. ಅದನ್ನು ಓದಿದ ಮೇಲೆ ಆ ವಿಡಿಯೊ ಹಾಕಿಲ್ಲ.

ನಮ್ಮ ಲೀಗಿನಲ್ಲಿ ಕೈ ಎತ್ತಿದರೆ ಸೀದಾ ಮನೆಗೆ. ನನ್ನ ಮೊದಲ ಪೆನಾಲ್ಟಿ, ಎದುರಾಳಿಯ ಕಾಲಿಗೆ ಸ್ಟಿಕ್ ಸಿಕ್ಕಿಸಿ ಬೀಳಿಸಿದ್ದಕ್ಕೆ. ಎರಡು ನಿಮಿಷ. ಬೇಕಂತ ಮಾಡಿದ್ದಲ್ಲ, ಎಡಕ್ಕೆ ತಿರುಗಿ ನಿಲ್ಲಬೇಕಿತ್ತು. ನಾನು ಹೊರಗೆ ಕೂತು ನಮ್ಮ ಕಡೆ ಒಬ್ಬ ಕಡಿಮೆಯಾಗಿದ್ದಾಗಲೇ ಅವರು ಗೋಲು ಹೊಡೆದರು. ಗೋಲು ಬಿದ್ದರೆ ಸಣ್ಣ ಪೆನಾಲ್ಟಿ ಅಲ್ಲಿಗೇ ಮುಗಿಯುತ್ತದೆ. ನಲವತ್ತು ಸೆಕೆಂಡಿಗೆ ಹೊರಗೆ ಬಂದೆ. ಬೆಂಚಿನಲ್ಲಿ ಯಾರೂ ಮಾತಾಡಿಸಲಿಲ್ಲ.