ನಾಲಿಗೆಯ ಲೆಕ್ಕ: ಗೀಬತ್ ಬಿಡುವ ಅಭ್ಯಾಸದಲ್ಲಿ ನನ್ನ ಅನುಭವ

ಅಖ್ಲಾಕ್ (ನಡತೆ) ತಿದ್ದಿಕೊಳ್ಳಲು ಹೊರಟವರು ಕೋಪ, ಅಸೂಯೆ, ಜಂಬ ಎಲ್ಲಕ್ಕೂ ಒಟ್ಟಿಗೆ ಕೈಹಾಕಿ ವಾರದೊಳಗೆ ಸುಸ್ತಾಗುತ್ತಾರೆ. ನಾನು ಹಿಡಿದದ್ದು ಒಂದನ್ನೇ: ಗೀಬತ್. ಅಂದರೆ ಒಬ್ಬರ ಬೆನ್ನ ಹಿಂದೆ ಅವರಿಗೆ ಹಿಡಿಸದ ಮಾತಾಡುವುದು. ಮಾತು ನಿಜವಾಗಿದ್ದರೆ ಅದು ಗೀಬತ್, ಸುಳ್ಳಾದರೆ ಬುಹ್ತಾನ್ (ಸುಳ್ಳು ಆರೋಪ) ಎಂಬ ಪ್ರವಾದಿವಚನ (ಹದೀಸ್) ಸಹೀಹ್ ಮುಸ್ಲಿಮ್ ಸಂಗ್ರಹದಲ್ಲಿದೆ. ಹಾಗಾಗಿ ‘ಇದ್ದದ್ದನ್ನೇ ಹೇಳಿದೆ’ ಎಂಬ ನೆಪ ಮೊದಲ ದಿನವೇ ಕೈಬಿಡುತ್ತದೆ.

ವಿಧಾನ ಇಸ್ಲಾಮೀ ವಿದ್ವಾಂಸ ಇಮಾಮ್ ಗಝಾಲಿಯವರದು (1058–1111). ‘ಇಹ್ಯಾ ಉಲೂಮುದ್ದೀನ್’ ಗ್ರಂಥದಲ್ಲಿ ಅವರು ನಫ್ಸನ್ನು (ಆಸೆಗಳಿಗೆ ಎಳೆಯುವ ಮನಸ್ಸನ್ನು) ವ್ಯಾಪಾರದ ಪಾಲುದಾರನಂತೆ ಕಾಣುತ್ತಾರೆ: ಬೆಳಿಗ್ಗೆ ಷರತ್ತು, ಹಗಲು ನಿಗಾ, ರಾತ್ರಿ ಲೆಕ್ಕ, ನಷ್ಟಕ್ಕೆ ದಂಡ. ಫಜ್ರ್ (ಮುಂಜಾವಿನ ನಮಾಜ್) ಆದಮೇಲೆ ಹಾಕುವ ಷರತ್ತು ಚಿಕ್ಕದಿರಬೇಕು. ‘ಇವತ್ತು ಒಳ್ಳೆಯ ಮಾತೇ ಆಡುತ್ತೇನೆ’ ಎಂದರೆ ರಾತ್ರಿ ಲೆಕ್ಕಕ್ಕೆ ಏನೂ ಸಿಗದು. ‘ಮಧ್ಯಾಹ್ನದ ಊಟದಲ್ಲಿ ಮೇಲಧಿಕಾರಿಯ ಸುದ್ದಿ ಎತ್ತುವುದಿಲ್ಲ’ ಎಂದರೆ ಸಿಗುತ್ತದೆ.

ಇಶಾ (ರಾತ್ರಿಯ ನಮಾಜ್) ನಂತರ ಲೆಕ್ಕಕ್ಕೆ ಐದೇ ನಿಮಿಷ. ಪುಸ್ತಕದಲ್ಲಿ ಹೊತ್ತು, ಜಾಗ, ಮಾತು ಹುಟ್ಟಿದ ಕಾರಣ, ಇಷ್ಟೇ. ಹೆಸರು ಬರೆಯಬಾರದು, ಬರೆದರೆ ಪುಸ್ತಕವೇ ಗೀಬತ್ ಆಗುತ್ತದೆ. ಎರಡು ವಾರದ ಪುಟ ತಿರುವಿದಾಗ ಗೊತ್ತಾಗುವುದು: ದ್ವೇಷದಿಂದ ಆಡಿದ್ದು ಕಡಿಮೆ, ಕೂತವರ ಜೊತೆ ತಾಳ ಹಾಕಿದ್ದೇ ಹೆಚ್ಚು. ಸುಮ್ಮನೆ ಕೂತು ಸವಿದದ್ದನ್ನೂ ಬರೆಯಬೇಕು. ಕೇಳುವ ಕಿವಿಯೂ ಪಾಲುದಾರ.

ತಪ್ಪುವುದು ಹೆಚ್ಚಾಗಿ ದಂಡದಲ್ಲಿ. ಈಜಿಪ್ಟಿನ ಹದೀಸ್ ವಿದ್ವಾಂಸ ಅಬ್ದುಲ್ಲಾ ಇಬ್ನ್ ವಹಬ್ ಒಂದು ಗೀಬತ್‌ಗೆ ಒಂದು ಉಪವಾಸ ಎಂದು ಹರಕೆ ಹೊತ್ತರಂತೆ. ಉಪವಾಸ ರೂಢಿಯಾಯಿತು, ಗೀಬತ್ ನಿಲ್ಲಲಿಲ್ಲ. ಒಂದೊಂದಕ್ಕೂ ಒಂದು ದಿರ್ಹಮ್ (ಬೆಳ್ಳಿ ನಾಣ್ಯ) ಸದಕಾ (ದಾನ) ಎಂದು ಬದಲಿಸಿದಾಗ, ಹಣದ ಮೋಹಕ್ಕೇ ಗೀಬತ್ ಬಿಟ್ಟಿತು! ಹತ್ತು ರೂಪಾಯಿ ನೋಯದಿದ್ದರೆ ನೂರಕ್ಕೆ ಏರಿಸಿ, ಆದರೆ ಯಾರಿಗೂ ಹೇಳದೆ ಡಬ್ಬಿಗೆ ಹಾಕಿ.

ಧರ್ಮದ ವೇಷದ ಗೀಬತ್ ಬೇಗ ಕಣ್ಣಿಗೆ ಬೀಳುವುದಿಲ್ಲ. ‘ಪಾಪ, ಅಲ್ಲಾಹು ಅವನನ್ನು ಕ್ಷಮಿಸಲಿ, ನಮಗೆ ಅಂಥ ಬುದ್ಧಿ ಕೊಡಲಿಲ್ಲವಲ್ಲ, ಅಲ್‌ಹಮ್ದುಲಿಲ್ಲಾಹ್’: ದುಆ (ಪ್ರಾರ್ಥನೆ), ಶುಕ್ರ್ (ದೇವರಿಗೆ ಕೃತಜ್ಞತೆ) ಎರಡೂ ಇವೆ, ಚುಚ್ಚೂ ಇದೆ. ಗಝಾಲಿ ಇದನ್ನು ಅತ್ಯಂತ ಕೆಟ್ಟ ಬಗೆ ಎನ್ನುತ್ತಾರೆ. ಇದಕ್ಕೆ ನಾನು ದುಪ್ಪಟ್ಟು ದಂಡ ಹಾಕುತ್ತೇನೆ.

ಹಾಗೆಂದು ಬಾಯಿಗೆ ಬೀಗವಲ್ಲ. ಅನ್ಯಾಯದ ದೂರು, ಫತ್ವಾ (ಧಾರ್ಮಿಕ ತೀರ್ಪು) ಕೇಳುವುದು, ಮೋಸದ ಎಚ್ಚರಿಕೆ ಸೇರಿ ಹದೀಸ್ ವಿದ್ವಾಂಸ ಇಮಾಮ್ ನವವಿ ಆರು ವಿನಾಯಿತಿ ಎಣಿಸಿದ್ದಾರೆ. ಮದುವೆ ಸಂಬಂಧದ ಬಗ್ಗೆ ಯಾರಾದರೂ ಕೇಳಿದಾಗ ‘ಹೊಂದುವುದಿಲ್ಲ’ ಎಂದರೆ ಸಾಕಾಗುವುದಾದರೆ ಅಲ್ಲಿಗೇ ನಿಲ್ಲಿಸಬೇಕು. ವಿವರಕ್ಕೆ ಇಳಿದರೆ ವಿನಾಯಿತಿ ಮುಗಿಯಿತು.

ಆಡಿದ ಮಾತು ಆ ವ್ಯಕ್ತಿಗೆ ಮುಟ್ಟಿದ್ದರೆ ನೇರ ಕ್ಷಮೆ ಕೇಳಬೇಕು. ಮುಟ್ಟಿಲ್ಲದಿದ್ದರೆ ಹೋಗಿ ಹೇಳಬೇಕೇ ಎಂಬಲ್ಲಿ ಪಂಡಿತರಲ್ಲಿ ಭಿನ್ನಾಭಿಪ್ರಾಯವಿದೆ. ಹೇಳಿದರೆ ಹೊಸ ಗಾಯವಾಗುತ್ತದೆ ಎಂಬುವರ ಮಾತೇ ನನಗೆ ಸರಿ. ಯಾರ ಬಗ್ಗೆ ಆಡಿದೆವೋ ಅವರಿಗಾಗಿ ಇಸ್ತಿಗ್ಫಾರ್ (ದೇವರಲ್ಲಿ ಕ್ಷಮೆಯ ಬೇಡಿಕೆ) ಮಾಡಿ, ಆಡಿದ ಕೂಟದಲ್ಲೇ ಅವರ ಒಂದು ನಿಜವಾದ ಗುಣ ಹೇಳುವುದು. ನೂರು ರೂಪಾಯಿಗಿಂತ ಇದು ಕಷ್ಟ, ಕೇಳಿದವರು ಹುಬ್ಬೇರಿಸುತ್ತಾರೆ.