ಕಾರವಾರದಲ್ಲಿ ನಾಲ್ಕು ರಾತ್ರಿ: ಆತುರವಿಲ್ಲದ ವಾಸ್ತವ್ಯಕ್ಕೆ ಅಣಿಯಾಗುವ ಬಗೆ

ಶಿರಸಿ, ಸಿದ್ದಾಪುರದ ಕಡೆಯ ನಮ್ಮಂಥ ಘಟ್ಟದ ಮೇಲಿನವರಿಗೆ ಕಾರವಾರವೆಂದರೆ ಬಹುಕಾಲ ಕಚೇರಿಯ ಊರು. ಬೆಳಗಿನ ಬಸ್ಸಿಗೆ ದೇವಿಮನೆ ಘಟ್ಟ ಇಳಿದು, ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಕಾಗದದ ಕೆಲಸ ಮುಗಿಸಿ, ಕಡಲನ್ನು ಕಿಟಕಿಯಿಂದಲೇ ನೋಡಿ ರಾತ್ರಿಯೊಳಗೆ ಮನೆ ಸೇರುವುದು ನಮ್ಮ ರೂಢಿ. ಹೊರಗಿನ ಪ್ರವಾಸಿಗರು ಇದಕ್ಕಿಂತ ಹೆಚ್ಚು ಹೊತ್ತೇನೂ ನಿಲ್ಲುವುದಿಲ್ಲ. ಗೋಕರ್ಣಕ್ಕೂ ಗೋವೆಗೂ ನಡುವೆ ಚಹಾಕ್ಕೆ ಇಳಿಯುವ ಜಾಗವಾಗಿಯಷ್ಟೇ ಅವರು ಈ ಊರನ್ನು ಬಲ್ಲರು. ನಾಲ್ಕು ರಾತ್ರಿ ಒಂದೇ ಕೋಣೆಯಲ್ಲಿದ್ದು, ದಿನಕ್ಕೆ ಒಂದೇ ಕೆಲಸ ಇಟ್ಟುಕೊಂಡು, ಆ ಕೆಲಸದ ಹೊತ್ತನ್ನು ಗಡಿಯಾರಕ್ಕಿಂತ ಗಾಳಿ ಮತ್ತು ಉಬ್ಬರ ಇಳಿತಗಳನ್ನು ನೋಡಿ ಗೊತ್ತುಮಾಡಿಕೊಂಡರೆ ಈ ಊರು ಬೇರೆಯೇ ಆಗಿ ಕಾಣುತ್ತದೆ. ಅದಕ್ಕೆ ಮಾಡಿಕೊಳ್ಳಬೇಕಾದ ಸಿದ್ಧತೆಗಳನ್ನು ಇಲ್ಲಿ ಕ್ರಮವಾಗಿ ಹೇಳಿದ್ದೇನೆ.

ಮೊದಲು ಊರಿನ ಸ್ವಭಾವವನ್ನು ಅರಿತಿರಬೇಕು. ಚಾರಿತ್ರಿಕ ಊರೆಂದು ಹಳೆಯ ಓಣಿಗಳನ್ನೂ ಕೋಟೆಬಾಗಿಲನ್ನೂ ನಿರೀಕ್ಷಿಸಿ ಬಂದವರಿಗೆ ಕಾರವಾರದ ಪೇಟೆ ನಿರಾಸೆ ಮಾಡುತ್ತದೆ, ಏಕೆಂದರೆ ಈಗಿನ ಪಟ್ಟಣ ಬೆಳೆದದ್ದು ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಿದ ಮೇಲೆ. ಹಳೆಯ ಕಾರವಾರ ಇದ್ದದ್ದು ಇಲ್ಲಿಂದ ಮೂರು ಮೈಲಿಯಷ್ಟು ಪೂರ್ವಕ್ಕೆ, ಕಾಳಿ ನದಿಯ ದಂಡೆಯಲ್ಲಿ. ಶಿರಸಿಯ ಪಕ್ಕದ ಸೋದೆ ಸೀಮೆಯ ಕಾಳುಮೆಣಸಿನ ಹೆಸರು ಕೇಳಿಯೇ ಇಂಗ್ಲಿಷರು 1638ರಲ್ಲಿ ಅಲ್ಲಿ ವ್ಯಾಪಾರದ ಕೋಠಿ ತೆರೆದರು. ಮೆಣಸು, ಏಲಕ್ಕಿಯ ಜೊತೆಗೆ ಘಟ್ಟದ ಮೇಲಿನ ನೇಕಾರರ ತೆಳುವಾದ ಮಸ್ಲಿನ್ ಬಟ್ಟೆಯೂ ಇದೇ ನದಿಯ ಬಾಯಿಯಿಂದ ಹಡಗು ಹತ್ತುತ್ತಿತ್ತು. 1665ರಲ್ಲಿ ಶಿವಾಜಿ ಈ ಕೋಠಿಯವರಿಂದ ಹಣ ವಸೂಲು ಮಾಡಿದ್ದೂ ದಾಖಲೆಯಲ್ಲಿದೆ. ಇಲ್ಲಿಯ ಚರಿತ್ರೆ ಬೀದಿಗಳಲ್ಲಿಲ್ಲ, ನದಿ ಮತ್ತು ಕಡಲು ಕೂಡುವ ನೀರಿನ ಸುತ್ತ ಹರಡಿಕೊಂಡಿದೆ. ಆದ್ದರಿಂದ ನಿಮ್ಮ ಯೋಜನೆಯೂ ಆ ನೀರಿನ ಸುತ್ತಲೇ ಇರಲಿ.

ಎರಡನೆಯದು ಕಾಲದ ಆಯ್ಕೆ. ನವೆಂಬರ್‌ನಿಂದ ಫೆಬ್ರುವರಿಯವರೆಗಿನ ತಿಂಗಳುಗಳು ಎಲ್ಲ ರೀತಿಯಿಂದಲೂ ಹಿತ. ಮಾರ್ಚ್ ದಾಟಿದರೆ ಬಿಸಿಲಿಗಿಂತ ಸೆಕೆಯೇ ಹೆಚ್ಚು ಬಾಧಿಸುತ್ತದೆ; ಮೇ ತಿಂಗಳಲ್ಲಿ ಬರುವುದಕ್ಕೆ ಇರುವ ಒಂದೇ ಒಂದು ಒಳ್ಳೆಯ ಕಾರಣ ಅಂಕೋಲೆಯ ಕರಿ ಈಶಾಡ ಮಾವಿನ ಹಣ್ಣು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ನೋಡಲೆಂದೇ ಬರುವವರು ಎರಡು ಸಂಗತಿಗಳನ್ನು ತಿಳಿದಿರಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ತಾಜಾ ಮೀನು ವಿರಳ, ದ್ವೀಪಗಳಿಗೆ ಹೋಗುವ ದೋಣಿಗಳೂ ಆಗ ದಡದ ಮೇಲಿರುತ್ತವೆ. ಹೆದ್ದಾರಿ ಮತ್ತು ಘಟ್ಟಗಳಲ್ಲಿ ಗುಡ್ಡ ಕುಸಿಯುವ ಭಯವೂ ಇದೆ. 2024ರ ಜುಲೈಯಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ನಡೆದ ದುರಂತವನ್ನು ಈ ಭಾಗದವರು ಯಾರೂ ಮರೆತಿಲ್ಲ. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿ ಬದಲಾಗುವುದನ್ನೂ ಗಮನಿಸಿ.

ತಿಂಗಳು ಗೊತ್ತಾದ ಮೇಲೆ ಪಂಚಾಂಗ ತೆರೆದು ತಿಥಿ ನೋಡಿಕೊಳ್ಳಿ. ಇದು ಶಾಸ್ತ್ರಕ್ಕಲ್ಲ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಕಡಲು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಇಳಿತದ ಹೊತ್ತಿಗೆ ಅಗಲವಾದ ಗಟ್ಟಿ ಮರಳಿನ ಮೇಲೆ ಬಹುದೂರ ನಡೆಯಬಹುದು. ದಿನಕ್ಕೆ ಎರಡು ಸಲ ಬರುವ ಉಬ್ಬರ ಮರುದಿನ ಸುಮಾರು 50 ನಿಮಿಷ ತಡವಾಗುತ್ತದೆಯಾದ್ದರಿಂದ ಮೊದಲ ದಿನ ಯಾರಾದರೂ ಮೀನುಗಾರರನ್ನು ಕೇಳಿಕೊಂಡರೆ ಉಳಿದ ದಿನಗಳ ಲೆಕ್ಕ ತಾನೇ ಸಿಗುತ್ತದೆ. ಪುಷ್ಯ ಹುಣ್ಣಿಮೆಗೆ ಸರಿಹೊಂದಿಸಿಕೊಂಡರೆ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ ಸಿಗುತ್ತದೆ. ಸುತ್ತಲಿನ ಮೀನುಗಾರರು ದೋಣಿಗಳನ್ನೇರಿ ಸಂಸಾರ ಸಮೇತ ಹೋಗುವ ಆ ಜಾತ್ರೆ ನೋಡುವಂಥದ್ದು, ಆದರೆ ಆ ದಿನ ವಿಶ್ರಾಂತಿಯ ಮಾತನ್ನು ಮರೆತುಬಿಡಬೇಕು.

ಪ್ರಯಾಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಂಗಳೂರಿನಿಂದ ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಹೊರಟು ಬೆಳಿಗ್ಗೆ ತಲುಪಿಸುತ್ತದೆ; ಹುಬ್ಬಳ್ಳಿ ಕಡೆಯವರು ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲೆಯ ಮೇಲೆ ಬರುತ್ತಾರೆ. ರೈಲು ನಿಲ್ದಾಣ ಪೇಟೆಯಲ್ಲಿಲ್ಲ, ಹಲವು ಕಿಲೋಮೀಟರ್ ಒಳಗೆ ಶಿರವಾಡದಲ್ಲಿದೆ ಎಂಬುದನ್ನು ನೆನಪಿಟ್ಟು ರಿಕ್ಷಾದ ಬಾಡಿಗೆಯನ್ನು ಹತ್ತುವ ಮೊದಲೇ ಮಾತಾಡಿಕೊಳ್ಳಿ.

ಇನ್ನು ಕೋಣೆ. ಇಡೀ ಯೋಜನೆಯ ಹಣೆಬರಹ ನಿಂತಿರುವುದು ಇದರ ಮೇಲೆ. ಕೆಲವು ವರ್ಷಗಳ ಹಿಂದೆ ಮನೆಯವರನ್ನು ಕರೆದುಕೊಂಡು ಬಂದಾಗ ‘ಕಡಲು ಕಾಣುವ ಕೋಣೆ’ ಎಂಬ ಮಾತಿಗೆ ಮರುಳಾಗಿ ಹೆಚ್ಚು ದುಡ್ಡು ತೆತ್ತು ಒಂದು ವಸತಿಗೃಹ ಹಿಡಿದಿದ್ದೆ. ಕಡಲು ಕಂಡದ್ದು ನಿಜ. ಆದರೆ ಕಾರವಾರದಲ್ಲಿ ಪೇಟೆಗೂ ಕಡಲಿಗೂ ನಡುವೆ ರಾಷ್ಟ್ರೀಯ ಹೆದ್ದಾರಿ 66 ಹಾದುಹೋಗುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ರಾತ್ರಿಯಿಡೀ ಕೇಳಿದ್ದು ಅಲೆಗಳ ಸದ್ದಲ್ಲ, ಗೋವೆಯ ಕಡೆಗೆ ಓಡುವ ಲಾರಿಗಳ ಸದ್ದು. ಹೀಗಾಗಿ ಕೋಣೆಯನ್ನು ಗೊತ್ತುಮಾಡುವಾಗ ಕಡಲು ಕಾಣುತ್ತದೆಯೇ ಎಂದು ಕೇಳುವ ಬದಲು ಕಿಟಕಿ ಯಾವ ರಸ್ತೆಯ ಕಡೆಗಿದೆ ಎಂದು ಕೇಳಿ. ಹೆದ್ದಾರಿಯಿಂದ ಎರಡು ಮೂರು ಬೀದಿ ಒಳಗೆ, ಕಾಜುಬಾಗದಂಥ ಕಡೆ ಉಳಿದರೆ ಕಡಲತೀರಕ್ಕೂ ಮಾರುಕಟ್ಟೆಗೂ ನಡೆದೇ ಹೋಗಬಹುದು. ನದಿ ಇಷ್ಟವಾಗುವವರಿಗೆ ಕೋಡಿಬಾಗ ಒಳ್ಳೆಯದು. ಕಾಳಿಯ ಆಚೆಯ ದಡದ ದೇವಬಾಗದಲ್ಲಿ ಗಾಳಿಮರಗಳ ನೆರಳಿನ ರೆಸಾರ್ಟ್ ವಾಸ್ತವ್ಯ ಸಿಗುತ್ತದೆ, ಮೌನವೂ ಧಾರಾಳ; ಆದರೆ ಅಲ್ಲಿದ್ದರೆ ಊಟ, ಓಡಾಟ ಎಲ್ಲಕ್ಕೂ ರೆಸಾರ್ಟಿನವರ ಸಮಯವನ್ನೇ ಅವಲಂಬಿಸಬೇಕಾಗುತ್ತದೆ. ಊರಿನ ಬದುಕನ್ನು ನೋಡಬೇಕೆನ್ನುವವರಿಗೆ ಅದು ತಕ್ಕದ್ದಲ್ಲ ಎಂಬುದು ನನ್ನ ಅಭಿಪ್ರಾಯ.

ಬಂದ ದಿನ ಏನನ್ನೂ ಇಟ್ಟುಕೊಳ್ಳಬೇಡಿ. ರೈಲಿನ ನಿದ್ದೆಯನ್ನು ಮಧ್ಯಾಹ್ನ ಪೂರ್ತಿ ಮಾಡಿ, ಬಿಸಿಲು ಬಾಗಿದ ಮೇಲೆ ಟಾಗೋರ್ ಕಡಲತೀರಕ್ಕೆ ಹೋಗಿ, ಬೈತಖೋಲ ಬಂದರಿನ ಗುಡ್ಡವನ್ನು ಬೆನ್ನಿಗೆ ಹಾಕಿಕೊಂಡು ಕಾಳಿಯ ಅಳಿವೆಯ ಕಡೆಗೆ ನಡೆಯಿರಿ. ತೀರಕ್ಕೆ ಈ ಹೆಸರು ಬಂದ ಬಗೆಯನ್ನು ಮಕ್ಕಳಿಗೆ ಹೇಳಲು ಇದೇ ಸಮಯ. ಭಾರತೀಯರಲ್ಲಿ ಮೊದಲಿಗೆ ಬ್ರಿಟಿಷರ ಆಡಳಿತ ಸೇವೆಯಾದ ಐಸಿಎಸ್ ಸೇರಿದ ಸತ್ಯೇಂದ್ರನಾಥ ಟಾಗೋರ್ ಇಲ್ಲಿ ನ್ಯಾಯಾಧೀಶರಾಗಿದ್ದರು. ಅಣ್ಣನ ಮನೆಗೆ ಬಂದು ಉಳಿದ ರವೀಂದ್ರನಾಥರಿಗೆ ಆಗ ಇಪ್ಪತ್ತೆರಡರ ವಯಸ್ಸು. ‘ಪ್ರಕೃತಿರ್ ಪ್ರತಿಶೋಧ್’ ನಾಟಕವನ್ನು ಅವರು ಬರೆದದ್ದು ಆ ವಾಸ್ತವ್ಯದಲ್ಲಿಯೇ. ಬೆಳದಿಂಗಳಲ್ಲಿ ಕಾಳಿಯ ಮೇಲೆ ದೋಣಿಯಲ್ಲಿ ಹೋಗಿ ಬಂದದ್ದನ್ನು ಅವರು ಬಹುಕಾಲದ ಮೇಲೂ ನೆನೆದಿದ್ದಾರೆ. ಅಳಿವೆಯ ಬಾಯಲ್ಲಿ ಮಾತ್ರ ನೀರಿಗಿಳಿಯಬಾರದು. ನದಿಯ ಸೆಳೆತ ಮತ್ತು ಇಳಿತ ಎರಡೂ ಕೂಡಿದಾಗ ಈಜು ಬಲ್ಲವರಿಗೂ ದಡ ಸೇರುವುದು ಕಷ್ಟ.

ಎರಡನೆಯ ದಿನ ಬೇಗ ಎದ್ದು ಮತ್ತೆ ತೀರಕ್ಕೆ ಹೋಗಿ. ಏಂಡಿ ಬಲೆ ಎಳೆಯುವವರು ಇದ್ದರೆ ಅದೊಂದೇ ಬೆಳಗಿಗೆ ಸಾಕು: ದೋಣಿಯಲ್ಲಿ ಬಲೆಯನ್ನು ಅರೆಚಂದ್ರಾಕಾರವಾಗಿ ಬಿಟ್ಟು ಬಂದು, ಎರಡೂ ತುದಿಯ ಹಗ್ಗವನ್ನು ದಡದಿಂದ ಎಳೆಯುತ್ತ ಎಳೆಯುತ್ತ ಸಾಲುಗಳು ಹತ್ತಿರವಾಗುವುದನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಫೋಟೊ ತೆಗೆಯುವ ಮೊದಲು ಹಗ್ಗಕ್ಕೆ ಒಂದು ಕೈ ಹಾಕಿದರೆ ಮಾತು ತಾನಾಗಿ ಶುರುವಾಗುತ್ತದೆ. ಕಾರವಾರದ ಮನೆಮಾತು ಹೆಚ್ಚಾಗಿ ಕೊಂಕಣಿ, ಕನ್ನಡ ಎಲ್ಲರಿಗೂ ಬರುತ್ತದೆ.

ಅಂದು ಸಂಜೆ ಸದಾಶಿವಗಡಕ್ಕೆ ಹೋಗಬಹುದು. ಕಾಳಿಯ ಹಳೆಯ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದುಬಿದ್ದ ಮೇಲೆ ಎರಡೂ ದಿಕ್ಕಿನ ವಾಹನಗಳು ಹೊಸ ಸೇತುವೆಯ ಮೇಲೇ ಓಡತೊಡಗಿದವು, ಆದ್ದರಿಂದ ಕೈಯಲ್ಲಿ ಸ್ವಲ್ಪ ಹೆಚ್ಚು ಸಮಯವಿರಲಿ. ಸೋದೆಯ ಅರಸ ಬಸವಲಿಂಗನು ಕೋಟೆ ಕಟ್ಟಿಸಿ ಅದಕ್ಕೆ ತಂದೆ ಸದಾಶಿವಲಿಂಗನ ಹೆಸರಿಟ್ಟ. ಶಿರಸಿಯ ಪಕ್ಕದ ಕಾಡಿನ ರಾಜಧಾನಿಯಲ್ಲಿ ಕುಳಿತವನು ಇಷ್ಟು ದೂರದ ಗುಡ್ಡದ ಮೇಲೆ ಕೋಟೆ ಏಕೆ ಕಟ್ಟಿಸಿದನೆಂಬುದು ಮೇಲೆ ಹತ್ತಿ ನಿಂತರೆ ಅರ್ಥವಾಗುತ್ತದೆ: ಅವನ ಮೆಣಸಿನ ಬಾಗಿಲು ಇದೇ ಅಳಿವೆ. 1752ರಲ್ಲಿ ಪೋರ್ಚುಗೀಸರು ಅದನ್ನು ಹಿಡಿದುಕೊಂಡರು. ಗೋಡೆಗಳು ಹೆಚ್ಚೇನೂ ಉಳಿದಿಲ್ಲ. ದುರ್ಗಾದೇವಿಯ ಗುಡಿ, ಪೀರರ ದರ್ಗಾ, ಕೆಳಗೆ ನದಿ, ಆಚೆ ಕೂರ್ಮಗಡ, ಅದರಾಚೆ 1864ರ ದೀಪಸ್ತಂಭ ಇರುವ ದೇವಗಡ ಇವಿಷ್ಟನ್ನು ನೋಡುತ್ತ ಸೂರ್ಯ ಮುಳುಗುವವರೆಗೆ ಕೂರಬಹುದು.

ದೋಣಿಯ ದಿನ ಮೂರನೆಯದು. ಚಳಿಗಾಲದಲ್ಲಿ ನೆಲ ಕಾದ ಮೇಲೆ ಕಡಲಗಾಳಿ ಏಳುತ್ತದೆ, ಮಧ್ಯಾಹ್ನದ ಹೊತ್ತಿಗೆ ಅಲೆಗಳು ಕುಣಿಯತೊಡಗುತ್ತವೆ. ಆದ್ದರಿಂದ ದ್ವೀಪದ ಕಡೆ ಹೋಗುವುದಿದ್ದರೆ ಬೆಳಗಿನ ತಿಂಡಿ ಮುಗಿದೊಡನೆ ಹೊರಟು ಊಟದ ಹೊತ್ತಿಗೆ ಮರಳಬೇಕು. ಒಮ್ಮೆ ನಾವು ಹನ್ನೊಂದೂವರೆಗೆ ಹೋಗಿ ಕೇಳಿದಾಗ ವಯಸ್ಸಾದ ದೋಣಿಯವರೊಬ್ಬರು ನೀರನ್ನೊಮ್ಮೆ ನೋಡಿ, “ದುಡ್ಡು ನಾಳೆಯೂ ತಗೊಳ್ತೇನೆ ಸರ್, ಇವತ್ತು ನದಿಯಲ್ಲೇ ಒಂದು ಸುತ್ತು ಹಾಕಿಸ್ತೇನೆ” ಎಂದರು. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವಿನ ಆ ಸುತ್ತು ದ್ವೀಪಕ್ಕಿಂತ ಚೆನ್ನಾಗಿತ್ತು. ಎಲ್ಲರಿಗೂ ಜೀವರಕ್ಷಕ ಅಂಗಿ ಇಲ್ಲದ ದೋಣಿಯನ್ನು ಹತ್ತಬೇಡಿ. ದಕ್ಷಿಣಕ್ಕೆ ಬಿಣಗಾ, ಅರ್ಗಾಗಳ ಕಡೆ ಕದಂಬ ನೌಕಾನೆಲೆಯಿರುವುದರಿಂದ ಅಲ್ಲಿ ದೋಣಿಗೂ ಕ್ಯಾಮೆರಾಕ್ಕೂ ನಿರ್ಬಂಧವಿದೆ. ಅಂಜುದೀವು ದ್ವೀಪವೂ ನೌಕಾಪಡೆಯ ಕೈಯಲ್ಲಿದೆ. ಯುದ್ಧನೌಕೆ ನೋಡುವ ಆಸೆಯಿದ್ದವರು ಟಾಗೋರ್ ತೀರದಲ್ಲಿ ನಿಲ್ಲಿಸಿರುವ ಐಎನ್‌ಎಸ್ ಚಪಲ್ ಎಂಬ ಕ್ಷಿಪಣಿ ನೌಕೆಯ ಒಳಹೊಕ್ಕು ನೋಡಬಹುದು. ನಿವೃತ್ತ ಟುಪೊಲೆವ್ ವಿಮಾನವೊಂದನ್ನೂ ಅದರ ಹತ್ತಿರ ತಂದು ನಿಲ್ಲಿಸಿದ್ದಾರೆ. ಮಕ್ಕಳಿದ್ದರೆ ಒಂದು ಗಂಟೆ, ಇಲ್ಲದಿದ್ದರೆ ಅರ್ಧ.

ಊಟದ ವಿಷಯದಲ್ಲಿ ನಿಯಮ ಒಂದೇ: ಏನು ಬೇಕೆಂದು ನಿರ್ಧರಿಸಿಕೊಂಡು ಹೋಗದೆ ಇವತ್ತು ಏನು ಬಂದಿದೆ ಎಂದು ಕೇಳಬೇಕು. ಇಸ್ವಣ ಎಲ್ಲರೂ ಕೇಳುವ ಮೀನು, ಬೆಲೆಯೂ ಹಾಗೆಯೇ. ತೇಫಲವೆಂಬ ಮಸಾಲೆಕಾಯಿ ಹಾಕಿದ ಬಂಗಡೆಯ ಸಾರು, ತೆಂಗಿನ ತುರಿಯಲ್ಲಿ ಬೇಯಿಸಿದ ತಿಸ್ರೆ ಚಿಪ್ಪುಮೀನು, ರವೆ ಹಚ್ಚಿ ಕರಿದ ನೊಗಲಿ ಮೀನು ಸಿಕ್ಕ ದಿನ ಇಸ್ವಣದ ನೆನಪೇ ಆಗುವುದಿಲ್ಲ. ಮೀನು ತಿನ್ನದ ನಮ್ಮವರಿಗೆ ಬೆಳಿಗ್ಗೆ ಬನ್ಸ್, ಮಧ್ಯಾಹ್ನ ಕೋಕಂ, ತೆಂಗಿನಹಾಲಿನ ಸೋಲ್ ಕಡಿ ಇದ್ದೇ ಇದೆ.

ನಾಲ್ಕನೆಯ ದಿನವನ್ನು ಖಾಲಿ ಬಿಡಿ ಎಂದರೆ ಯಾರೂ ಕೇಳುವುದಿಲ್ಲವೆಂದು ಬಲ್ಲೆ. ಹೊರಸುತ್ತು ಬೇಕೇಬೇಕೆನ್ನುವವರು ಒಂದನ್ನು ಮಾತ್ರ ಆರಿಸಿಕೊಳ್ಳಲಿ. ಉತ್ತರಕ್ಕೆ ಹೊರಟರೆ ಮಾಜಾಳಿಯಿಂದ ಗುಡ್ಡ ಹತ್ತಿಳಿದು ತಿಳಮಾತಿ ತೀರ ಸೇರಬಹುದು. ಕೊಂಕಣಿಯಲ್ಲಿ ತೀಳ್ ಎಂದರೆ ಎಳ್ಳು, ಅಲ್ಲಿಯ ಮರಳು ಎಳ್ಳಿನಂತೆಯೇ ಕಪ್ಪು ಕಾಳುಕಾಳು. ನೆರಳಾಗಲಿ ಅಂಗಡಿಯಾಗಲಿ ಇಲ್ಲದ್ದರಿಂದ ನೀರು ಒಯ್ಯಬೇಕು. ದಕ್ಷಿಣಕ್ಕಾದರೆ 1930ರ ಉಪ್ಪಿನ ಸತ್ಯಾಗ್ರಹದ ಅಂಕೋಲೆಯನ್ನು ಹಾದು, ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆರೆತ ಮಿರ್ಜಾನ್ ಕೋಟೆಯವರೆಗೆ ಹೋಗಿ ಬರಬಹುದು. ಚಿರೆಕಲ್ಲಿನ ಆ ಕೋಟೆ ಬಿಸಿಲಿಗೆ ಬೇಗ ಕಾಯುತ್ತದೆಯಾದ್ದರಿಂದ ಹತ್ತು ಗಂಟೆಯೊಳಗೆ ತಲುಪಿರಬೇಕು. ಗೋಕರ್ಣವನ್ನೂ ಇದೇ ದಿನಕ್ಕೆ ಸೇರಿಸಿದರೆ ಉಳಿದ ಮೂರು ದಿನದ ನೆಮ್ಮದಿಯನ್ನು ಒಂದೇ ದಿನದಲ್ಲಿ ಕಳೆದುಕೊಂಡಂತೆ.

ಸಾಧ್ಯವಾದರೆ ಹೊರಡುವ ದಿನ ಭಾನುವಾರ ಬರುವಂತೆ ನೋಡಿಕೊಳ್ಳಿ, ಅಂದು ಕಾರವಾರದ ವಾರದ ಸಂತೆ. ರೈಲಿರುವುದು ಸಂಜೆಗೆ, ಬೆಳಿಗ್ಗೆಯ ಹೊತ್ತೆಲ್ಲ ನಿಮ್ಮದೇ. ಕೋಕಂ ಸಿಪ್ಪೆ, ತೇಫಲ, ಗೇರುಬೀಜ ಕೊಂಡುಕೊಳ್ಳಿ. ಒಣಮೀನು ಕೊಳ್ಳುವುದಾದರೆ ಮಾರುವ ಅಕ್ಕನಿಗೆ ರೈಲಿನಲ್ಲಿ ಒಯ್ಯುವುದೆಂದು ಹೇಳಿ ಎರಡು ಮೂರು ಪದರ ಕಟ್ಟಿಸಿ, ಮನೆಯಿಂದ ತಂದ ಸ್ಟೀಲ್ ಡಬ್ಬಿಯೊಳಗಿಟ್ಟು ಮುಚ್ಚಳ ಬಿಗಿಮಾಡಿ. ಬೋಗಿಯ ಉಳಿದವರೂ ರಾತ್ರಿ ನಿದ್ದೆ ಮಾಡಬೇಕಲ್ಲ.