ಕೆಂಪು ಲೋಳೆ: ನೈಟ್ರೇಟ್ ಸೊನ್ನೆಯಾದರೆ ಅದಕ್ಕೇ ಹಬ್ಬ

ಮುಂಬಯಿಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಟ್ಯಾಂಕ್ ಇಟ್ಟವರು ಮರಳಿನ ಮೇಲೆ ಕೆಂಪು ಲೋಳೆ ಕಂಡ ಕೂಡಲೇ ಔಷಧಿಗೆ ಕ್ರಾಫರ್ಡ್ ಮಾರ್ಕೆಟ್ಟಿಗೆ ಓಡುತ್ತಾರೆ. ನಾನು ಔಷಧಿಯನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಮೊದಲು ಕೈಗೆತ್ತಿಕೊಳ್ಳುವುದು ನೈಟ್ರೇಟ್, ಫಾಸ್ಫೇಟ್ ಟೆಸ್ಟ್ ಕಿಟ್.

ಇದು ಪಾಚಿಯಲ್ಲ, ಸಯನೊಬ್ಯಾಕ್ಟೀರಿಯಾ. ಪಾಚಿ ತಿನ್ನುವ ಬಸವನಹುಳ ತಂದು ಬಿಟ್ಟರೆ ಅದು ಹೆಚ್ಚಾಗಿ ಮುಟ್ಟುವುದೇ ಇಲ್ಲ. ಗುರುತು ಸುಲಭ: ಒಂದು ತುದಿ ಎತ್ತಿದರೆ ಹಾಳೆ ಹಾಳೆಯಾಗಿ ಏಳುತ್ತದೆ, ಲೈಟ್ ಉರಿದು ಕೆಲವು ಗಂಟೆಯಾದ ಮೇಲೆ ಅಡಿಯಲ್ಲಿ ಆಮ್ಲಜನಕದ ಗುಳ್ಳೆ ಸಿಕ್ಕಿಕೊಂಡು ಉಬ್ಬುತ್ತದೆ. ಕಂದು ಪುಡಿ ಕೂತಂತಿದ್ದರೆ ಅದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಕಂದು ಲೋಳೆ ಎಳೆಯಾಗಿ ಜೋತಾಡಿ ತುದಿಯಲ್ಲಿ ಗುಳ್ಳೆಯಿದ್ದರೆ ಡೈನೊ (ಡೈನೊಫ್ಲಾಜೆಲೇಟ್ ಎಂಬ ಏಕಕೋಶ ಜೀವಿ) ಇರಬಹುದು. ಸಂಶಯವಿದ್ದರೆ ಮೈಕ್ರೋಸ್ಕೋಪಿನಲ್ಲಿ 400 ಪಟ್ಟು ಹಿಗ್ಗಿಸಿ ನೋಡಿ. ಸಯನೊ ಉದ್ದನೆಯ ಎಳೆಗಳಾಗಿ ಕಾಣುತ್ತದೆ, ಡೈನೊ ಬಿಡಿ ಬಿಡಿ ಕೋಶಗಳಾಗಿ. ಡೈನೊಗೆ ಸಯನೊ ಔಷಧಿ ಹಾಕಿದರೆ ಅದು ಇನ್ನಷ್ಟು ಹಬ್ಬಬಹುದು.

ಮೊದಲ ಕೆಲಸ ಎಳೆದು ತೆಗೆಯುವುದು. ಏರ್ ಪಂಪಿಗೆ ಹಾಕುವ ಸಣ್ಣ ಪೈಪ್ ಸಾಕು. ದಪ್ಪ ಪೈಪ್ ಮರಳನ್ನೂ ಎಳೆಯುತ್ತದೆ, ನೀರೂ ಬೇಗ ಖಾಲಿಯಾಗುತ್ತದೆ. ಪೈಪಿನ ಇನ್ನೊಂದು ತುದಿಯನ್ನು ಸಂಪಿನಲ್ಲಿರುವ (ಟ್ಯಾಂಕಿಗೆ ಜೋಡಿಸಿದ ಫಿಲ್ಟರ್ ತೊಟ್ಟಿ) 100 ಮೈಕ್ರಾನ್ ಫಿಲ್ಟರ್ ಸಾಕ್ಸಿಗೆ ಬಿಟ್ಟರೆ ನೀರು ಹಾಳಾಗದು, ಲೋಳೆ ಮಾತ್ರ ಸಿಕ್ಕಿಬೀಳುತ್ತದೆ. ಸಾಕ್ಸನ್ನು ಅದೇ ದಿನ ತೆಗೆದು ತೊಳೆಯಬೇಕು. ಇಲ್ಲದಿದ್ದರೆ ಅದು ಅಲ್ಲೇ ಕೊಳೆತು ಎಲ್ಲವೂ ನೀರಿಗೆ ವಾಪಸ್. ಬ್ರಷ್ಷಿನಿಂದ ಉಜ್ಜಬೇಡಿ, ತುಣುಕು ಹಾರಿ ಮತ್ತೊಂದು ಮೂಲೆಯಲ್ಲಿ ಬೇರೂರುತ್ತದೆ.

ಆಮೇಲೆ ಹರಿವು. 200 ಲೀಟರ್ ಟ್ಯಾಂಕಿಗೆ, ಒಳಗೆ ನೀರನ್ನು ಸುತ್ತಿಸುವ ಪಂಪುಗಳಾದ ಪವರ್‌ಹೆಡ್ಡುಗಳೆಲ್ಲ ಸೇರಿ ಗಂಟೆಗೆ 4000 ಲೀಟರಾದರೂ ತಳ್ಳಬೇಕು. ಕಲ್ಲಿನ ಹಿಂದೆ, ಮರಳಿನ ಮೂಲೆಯಲ್ಲಿ ಲೋಳೆ ಎಲ್ಲಿ ಮತ್ತೆ ಮತ್ತೆ ಕೂರುತ್ತದೋ ಅಲ್ಲಿಗೇ ಒಂದರ ಮೂತಿ ತಿರುಗಿಸಿ.

ಇನ್ನು ಲೆಕ್ಕದ ವಿಷಯ. ಹೆಚ್ಚಿನವರಿಗೆ ನೈಟ್ರೇಟ್ ಸೊನ್ನೆ ಮಾಡುವ ಹಠ. ನೈಟ್ರೇಟ್ ತಿನ್ನುವ ಬ್ಯಾಕ್ಟೀರಿಯಾಕ್ಕೆ ಆಹಾರವಾಗಿ ವೋಡ್ಕಾ, ವಿನೆಗರ್ ಡೋಸಿಂಗ್ ಮಾಡಿ ಇಳಿಸುತ್ತಲೇ ಹೋಗುತ್ತಾರೆ. ಫಾಸ್ಫೇಟ್ ಮಾತ್ರ 0.2 ಪಿಪಿಎಂನಲ್ಲೇ (ಲೀಟರಿಗೆ ಮಿ.ಗ್ರಾಂ ಲೆಕ್ಕ) ನಿಂತಿರುತ್ತದೆ. ಆ ಪರಿಸ್ಥಿತಿಯಲ್ಲಿ ಉಳಿದ ಪಾಚಿಗಳು ಸೊರಗುತ್ತವೆ. ಸಯನೊಗಳಲ್ಲಿ ಕೆಲವು ನೀರಲ್ಲಿ ಕರಗಿದ ಸಾರಜನಕ ಅನಿಲವನ್ನೇ ಹಿಡಿದುಕೊಳ್ಳಬಲ್ಲವು, ಹಾಗಾಗಿ ಅವುಗಳಿಗೆ ಪೈಪೋಟಿಯೇ ಇರುವುದಿಲ್ಲ. ನಾನು ನೈಟ್ರೇಟ್ 5ರಿಂದ 10 ಪಿಪಿಎಂ, ಫಾಸ್ಫೇಟ್ 0.03ರಿಂದ 0.1ರ ನಡುವೆ ಇಡುತ್ತೇನೆ. ನೈಟ್ರೇಟ್ ಸೊನ್ನೆಯಿದ್ದರೆ 27.4 ಗ್ರಾಂ ಸೋಡಿಯಂ ನೈಟ್ರೇಟನ್ನು ಆರ್‌ಒ ನೀರಿನಲ್ಲಿ ಕರಗಿಸಿ ಒಟ್ಟು 1 ಲೀಟರ್ ಮಾಡಿಟ್ಟುಕೊಳ್ಳುತ್ತೇನೆ. ಅದರ 10 ಮಿ.ಲೀ. 200 ಲೀಟರ್ ನೀರಿನಲ್ಲಿ 1 ಪಿಪಿಎಂ ಏರಿಸುತ್ತದೆ. ದಿನಕ್ಕೆ ಅಷ್ಟೇ, ಎರಡು ದಿನಕ್ಕೊಮ್ಮೆ ಟೆಸ್ಟ್. ಲ್ಯಾಬ್ ದರ್ಜೆಯದ್ದೇ ತನ್ನಿ. ಗೊಬ್ಬರದಂಗಡಿಯ ಕ್ಯಾಲ್ಸಿಯಂ ನೈಟ್ರೇಟಿನಲ್ಲಿ ಅಮೋನಿಯಂ ಬೆರೆತಿರುತ್ತದೆ. ಫಾಸ್ಫೇಟ್ ಇಳಿಸಲು ಅದನ್ನು ಹೀರಿಕೊಳ್ಳುವ ಕಬ್ಬಿಣದ ಆಕ್ಸೈಡ್ ಹರಳುಗಳಾದ ಜಿಎಫ್‌ಒ ಹಾಕುವುದಾದರೆ ಡಬ್ಬಿಯಲ್ಲಿ ಹೇಳಿದ್ದರ ಅರ್ಧದಿಂದ ಶುರು ಮಾಡಿ. ಎರಡೂ ಸೊನ್ನೆಗೆ ಬಿದ್ದರೆ ಡೈನೊ ಬಂದು ಕೂರಬಹುದು.

ಫಾಸ್ಫೇಟ್ ಎಲ್ಲಿಂದ ಬರುತ್ತದೆ ಅಂದರೆ ಒಂದು ಫ್ರೋಜನ್ ಫುಡ್ಡಿನ ರಸ, ಇನ್ನೊಂದು ನೀರು. ಫುಡ್ಡನ್ನು ಜರಡಿಯಲ್ಲಿ ಕರಗಿಸಿ, ಆರ್‌ಒ ನೀರಿನಲ್ಲಿ ತೊಳೆದು ಹಾಕಿ. ಡೊಂಬಿವಲಿ, ನವಿ ಮುಂಬಯಿ ಕಡೆ ಸೊಸೈಟಿಗೆ ಟ್ಯಾಂಕರ್ ಬಂದ ದಿನ ನಲ್ಲಿಯ ಟಿಡಿಎಸ್ (ಕರಗಿದ ಲವಣದ ಅಳತೆ) ಏಕದಂ ಏರಬಹುದು, ಆರ್‌ಒ ದಾಟಿ ಉಳಿದ ಲವಣ ಹೀರುವ ಡಿಐ ರೆಸಿನ್ ಬೇಗ ಸಾಯುತ್ತದೆ. ಡಿಐ ದಾಟಿದ ನೀರಿನಲ್ಲಿ ಮೀಟರ್ 0 ಬಿಟ್ಟು ಬೇರೇನಾದರೂ ತೋರಿಸಿದರೆ ರೆಸಿನ್ ಬದಲಿಸಿ. ಬೇಸಿಗೆಯಲ್ಲಿ ಟ್ಯಾಂಕ್ ತಂಪಿಡಲು ಫ್ಯಾನ್ ಹಚ್ಚಿದವರು ಆವಿಯಾದಷ್ಟು ನೀರನ್ನು ದಿನವೂ ಟಾಪ್‌ಅಪ್ ಮಾಡುವುದರಿಂದ ಕೆಟ್ಟ ನೀರಿನ ಅಂಶ ಟ್ಯಾಂಕಿನಲ್ಲೇ ಕೂಡುತ್ತಾ ಹೋಗುತ್ತದೆ. ಜುಹೂ, ಗಿರ್‌ಗಾಂವ್ ದಡದಿಂದ ಕ್ಯಾನಿನಲ್ಲಿ ಸಮುದ್ರದ ನೀರು ತರುವ ಉಪಾಯ ಬೇಡವೇ ಬೇಡ, ಊರಿನ ಕೊಳಚೆಯೂ ಅಲ್ಲಿಗೇ ಸೇರುತ್ತದೆ.

ಇಷ್ಟಾದ ಮೇಲೂ ಕೆಲವು ವಾರಗಳಲ್ಲಿ ತಗ್ಗದಿದ್ದರೆ ಮೂರು ದಿನ ಕತ್ತಲು: ಲೈಟ್ ಆಫ್, ಗಾಜಿಗೆ ಕಂಬಳಿ, ಸ್ಕಿಮ್ಮರ್ (ನೊರೆಯಲ್ಲಿ ಕೊಳೆ ಎತ್ತಿ ಕಪ್ಪಿಗೆ ತುಂಬುವ ಸಾಧನ) ಚಾಲೂ. ಕೋರಲ್‌ಗಳು ಸಾಮಾನ್ಯವಾಗಿ ಇದನ್ನು ತಾಳುತ್ತವೆ. ಅದಕ್ಕೂ ಬಗ್ಗದಿದ್ದರೆ ಮಾತ್ರ ಸಯನೊ ಔಷಧಿಯಾದ ರೆಡ್ ಸ್ಲೈಮ್ ಪುಡಿ. ಮೆಡಿಕಲ್ ಅಂಗಡಿಯ ಆ್ಯಂಟಿಬಯಾಟಿಕ್ ಮಾತ್ರೆ ಪುಡಿ ಮಾಡಿ ಹಾಕುವ ರೂಢಿ ನನಗೆ ಒಪ್ಪಿಗೆಯಿಲ್ಲ. ಪುಡಿಯ ಅಳತೆ ನಿಜವಾದ ನೀರಿಗೆ ಹಾಕಬೇಕು. 3×1.5×1.5 ಅಡಿಯ ಟ್ಯಾಂಕ್ ಕಾಗದದ ಮೇಲೆ 190 ಲೀಟರ್, ಅದರಲ್ಲಿ ಕಲ್ಲು, ಮರಳು, ಮೇಲಿನ ಖಾಲಿ ಜಾಗ ಕಳೆದು ಸಂಪಿನ ನೀರು ಕೂಡಿಸಿ. ಔಷಧಿಯನ್ನು ಹೀರಿಬಿಡುವ ಕಾರ್ಬನ್ ತೆಗೆಯಿರಿ, ಯುವಿ ಲೈಟ್ ಆಫ್ ಮಾಡಿ, ಏರ್‌ಸ್ಟೋನ್ ಹಾಕಿ. ಲೋಳೆ ಸತ್ತು ಕೊಳೆಯುವಾಗ ಆಮ್ಲಜನಕ ಕುಸಿಯುತ್ತದೆ. ಸಮುದ್ರದ ನೀರು 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 6.7 ಮಿ.ಗ್ರಾಂ ಹಿಡಿದಿಟ್ಟರೆ 30 ಡಿಗ್ರಿಯಲ್ಲಿ 6.2 ಮಾತ್ರ. ಮೇ ತಿಂಗಳಲ್ಲಿ ಚಿಲ್ಲರ್ ಇಲ್ಲದ ಟ್ಯಾಂಕಿಗೆ ಈ ಪುಡಿ ಹಾಕಲೇಬೇಡಿ. ಸ್ಕಿಮ್ಮರ್ ಹುಚ್ಚು ಹಿಡಿದಂತೆ ನೊರೆ ಕಾರುತ್ತದೆ, ಕಪ್ ತೆಗೆದು ಸಂಪಿಗೇ ಬೀಳಲು ಬಿಡಿ. 48 ಗಂಟೆ ಕಳೆದ ಮೇಲೆ 20 ಶೇಕಡಾ ನೀರು ಬದಲಿಸಿ ಕಾರ್ಬನ್ ವಾಪಸ್ ಹಾಕಿ. ಸತ್ತ ಲೋಳೆಯಿಂದ ಫಾಸ್ಫೇಟ್ ಮತ್ತೆ ಏರಿರುತ್ತದೆ, ಆ ವಾರವೇ ಇನ್ನೊಮ್ಮೆ ಟೆಸ್ಟ್ ಮಾಡಿ.